ಟ್ರೈಕೋ ಕಾರ್ಡ್ ಕಟ್ಟುವ ಮುಂಚೆ ಎರಡು ಬಾಟಲಿ ಪರೀಕ್ಷೆ

ಟೊಮೆಟೊದ ಕಾಯಿಕೊರಕ ಹುಳುವಿಗೆ ಟ್ರೈಕೋ ಕಾರ್ಡ್ ಒಳ್ಳೆಯ ಉಪಾಯ. ಕಾರ್ಡಿಗೆ ಅಂಟಿಸಿರುವುದು ಅಕ್ಕಿ ಪತಂಗದ ಮೊಟ್ಟೆಗಳು. ಅವುಗಳೊಳಗೆ ಟ್ರೈಕೋಗ್ರಾಮಾ ಎಂಬ ಕಣಜ ಬೆಳೆಯುತ್ತಿರುತ್ತದೆ. ಈ ಕಣಜದ ಉದ್ದ 1 ಮಿಲಿಮೀಟರ್ ಕೂಡ ಇರುವುದಿಲ್ಲ. ಹೊರಬಂದ ಹೆಣ್ಣು ಎಲೆ ಮೇಲೆ ನಡೆದಾಡಿ ಕಾಯಿಕೊರಕದ ಮೊಟ್ಟೆ ಹುಡುಕುತ್ತದೆ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಆಮೇಲೆ ಆ ಮೊಟ್ಟೆಯಿಂದ ಹುಳು ಬರುವುದಿಲ್ಲ, ಕಣಜ ಬರುತ್ತದೆ.

ಅಪಾಯ ಇರುವುದು ಆ ನಡಿಗೆಯಲ್ಲೇ. ಕಾಯಿಯೊಳಗೆ ಸೇರಿಕೊಂಡ ಹುಳುವಿಗೆ ಔಷಧಿ ತಾಗದೇ ಹೋಗಬಹುದು. ಕಣಜ ಮಾತ್ರ ಔಷಧಿ ಒಣಗಿದ ಎಲೆಯನ್ನು ಮೀಸೆಯಿಂದ ತಡವುತ್ತಾ ಓಡಾಡುತ್ತದೆ. ಅಷ್ಟು ಪುಟ್ಟ ಮೈಗೆ ಅಷ್ಟೇ ಸಾಕು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್, ಪ್ರೊಫೆನೋಫಾಸ್ ಎಂಬ ಕೀಟನಾಶಕಗಳೆಲ್ಲವೂ ಅದನ್ನು ಕೊಲ್ಲುತ್ತವೆ. ಸ್ಪೈನೋಸ್ಯಾಡ್ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು, ಹಾಗಾಗಿ ಸೌಮ್ಯ ಅಂದುಕೊಳ್ಳುವವರು ಜಾಸ್ತಿ. ಟ್ರೈಕೋಗ್ರಾಮಾ ಮಟ್ಟಿಗೆ ಅದೂ ಕಷ್ಟವೇ.

ಔಷಧಿ ಹೊಡೆದ ಮೇಲೆ ಹತ್ತು ಹದಿನೈದು ದಿನ ಬಿಟ್ಟು ಕಾರ್ಡ್ ಕಟ್ಟಿ ಎನ್ನುವುದು ವಾಡಿಕೆ. ಆದರೆ ಔಷಧಿ, ಬಿಸಿಲು, ಮಳೆ ನೋಡಿಕೊಂಡು ಈ ಲೆಕ್ಕ ಬದಲಾಗುತ್ತದೆ ಅಲ್ವಾ? ಅದಕ್ಕೇ ಎಲೆಯನ್ನೇ ಪರೀಕ್ಷಿಸಿ.

ಔಷಧಿ ಹೊಡೆಯುವ ದಿನವೇ ತಯಾರಿ ಶುರು. ಒಂದೆರಡು ಗಿಡಗಳಿಗೆ ಪ್ಲಾಸ್ಟಿಕ್ ಮುಚ್ಚಿ, ಔಷಧಿ ತಾಗದಂತೆ ನೋಡಿಕೊಳ್ಳಿ. ಹೋಲಿಸಲು ಇದೇ ಎಲೆ ಬೇಕು. ಬೇರೆ ಬೆಳೆಯ ಎಲೆ ಆಗುವುದಿಲ್ಲ, ಏಕೆಂದರೆ ಟೊಮೆಟೊ ಎಲೆಯ ರೋಮಗಳೇ ಈ ಕಣಜಕ್ಕೆ ತೊಡಕು.

ಕಾರ್ಡ್ ಕಟ್ಟಬೇಕು ಅನ್ನಿಸಿದಾಗ ಮೊದಲು ಒಂದೇ ಕಾರ್ಡ್ ತನ್ನಿ. ಎರಡು ಸ್ವಚ್ಛ ಗಾಜಿನ ಬಾಟಲಿಗಳಿಗೆ ಉಗುರಿನ ತುದಿಯಷ್ಟು ಚೂರು ಒಂದೊಂದು ಹಾಕಿ. ಬಾಯಿಗೆ ನೇಯ್ಗೆ ಒತ್ತಾಗಿರುವ ಬಟ್ಟೆ ಕಟ್ಟಿ. ಜಾಳು ಬಟ್ಟೆಯಾದರೆ ತೂರಿಕೊಂಡು ಹೋಗುತ್ತವೆ. ನೆರಳಲ್ಲಿಡಿ. ಕಣಜಗಳು ಹೊರಬಂದ ಮೇಲೆ ಕೈಗವಸು ಹಾಕಿಕೊಂಡು, ಒಂದಕ್ಕೆ ಔಷಧಿ ತಾಗಿದ ಎಲೆ, ಇನ್ನೊಂದಕ್ಕೆ ತಾಗದ ಎಲೆ ಹಾಕಿ. ಎರಡಕ್ಕೂ ಜೇನುತುಪ್ಪದ ಸಣ್ಣ ಗೆರೆ ಎಳೆಯಿರಿ, ಇಲ್ಲದಿದ್ದರೆ ಹಸಿವಿಗೇ ಸಾಯಬಹುದು.

ನಾಲ್ಕು ಗಂಟೆ ಬಿಟ್ಟು, ಮತ್ತೆ ಮರುದಿನ ಭೂತಗನ್ನಡಿಯಲ್ಲಿ ನೋಡಿ. ಔಷಧಿ ಎಲೆಯ ಬಾಟಲಿಯಲ್ಲಿ ಮಾತ್ರ ಸತ್ತು ಬಿದ್ದಿದ್ದರೆ ಇನ್ನೂ ನಾಲ್ಕೈದು ದಿನ ಕಾದು ಮತ್ತೆ ಪರೀಕ್ಷಿಸಿ. ಸಾಯದಿದ್ದರೂ ಕಾಲು ನಡುಗಿಸುತ್ತಾ ಒಂದೇ ಕಡೆ ಬಿದ್ದಿದ್ದರೆ ಅದೂ ಬೇಡ. ಬದುಕಿ ಉಳಿದ ಕಣಜ ಮೊಟ್ಟೆ ಹುಡುಕದಿದ್ದರೆ ಏನು ಪ್ರಯೋಜನ? ಎರಡೂ ಬಾಟಲಿಯಲ್ಲಿ ಸತ್ತಿದ್ದರೆ ದೋಷ ಕಾರ್ಡಿನದ್ದೋ ಸೆಖೆಯದ್ದೋ ಇರಬೇಕು, ಆ ಪರೀಕ್ಷೆ ಬಿಟ್ಟುಬಿಡಿ. ಬಾಟಲಿಗಳನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ಎರಡರಲ್ಲೂ ಒಂದೇ ಥರ ಓಡಾಡುತ್ತಿದ್ದರೆ ಹೊಸ ಕಾರ್ಡ್ ತಂದು ಕಟ್ಟಿ. ಎಕರೆಗೆ ಸುಮಾರು 20,000 ಕಣಜ, ವಾರಕ್ಕೊಮ್ಮೆ. ಚೂರು ಮಾಡಿ ಎಲೆಯ ಅಡಿಭಾಗಕ್ಕೆ ಸ್ಟೇಪ್ಲರ್ ಹೊಡೆಯಿರಿ. ಇರುವೆ ಸಾಲು ಇರುವ ಗಿಡ ಬೇಡ. ಈ ನಡುವೆ ಹುಳು ಹೆಚ್ಚಾದರೆ ಬಿಟಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾ) ಅಥವಾ ಎನ್‌ಪಿವಿ (ಹುಳುವಿಗೆ ರೋಗ ತರುವ ವೈರಸ್) ಹೊಡೆಯಿರಿ, ಇವು ಕಣಜಕ್ಕೆ ತೊಂದರೆ ಕೊಡುವುದಿಲ್ಲ.

ನಾಲ್ಕೈದು ದಿನ ಬಿಟ್ಟು ಚಿಗುರೆಲೆ ತಿರುಗಿಸಿ ನೋಡಿ. ಕಾಯಿಕೊರಕದ ಮೊಟ್ಟೆ ಪೂರ್ತಿ ಕಪ್ಪಾಗಿದ್ದರೆ ಒಳಗಿರುವುದು ಕಣಜ. ಮುಂದಿನ ವಾರದ ಕಾರ್ಡಿಗೆ ಅವತ್ತೇ ಹೇಳಿಡಿ.