ಸಾಲು 13, ಕಾಲಂ 37: ತಪ್ಪು ಎಲ್ಲಿದೆ ಅಂತ ಹೇಳೋಕೆ ನಾನು ಪಟ್ಟ ಪಾಡು

ಮೆಕ್ಕೆಜೋಳದ ಸೀಸನ್ ಜೋರಾಗಿದ್ದ ಹೊತ್ತು. ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. "ತಮ್ಮಾ, ನಿನ್ನ ಸಾಫ್ಟ್‌ವೇರು 13ನೇ ಸಾಲಾಗೆ ತಪ್ಪೈತೆ ಅಂತೈತೆ. ಫೈಲಾಗೆ ಇರೋದೇ 11 ಸಾಲು. ನಾನ್ಯಾವ ಸಾಲು ನೋಡ್ಲಿ?"

ಆ ಅಂಗಡಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡಿಕೊಟ್ಟವನು ನಾನೇ. ಹಮಾಲಿ ದರ, ತೂಕದ ಕೂಲಿ, ಖಾಲಿ ಚೀಲಕ್ಕೆ ಎಷ್ಟು ಕಳೀಬೇಕು ಅನ್ನೋದು ಇವೆಲ್ಲ ಆಗಾಗ ಬದಲಾಗುತ್ತವೆ. ಪ್ರತಿ ಸಲ ನನಗೆ ಫೋನ್ ಬರೋದು ತಪ್ಪಲಿ ಅಂತ ಒಂದು ಪುಟ್ಟ ನಿಯಮಗಳ ಭಾಷೆ ಮಾಡಿ, ಕನ್ನಡದಲ್ಲೇ ಬರೆಯೋ ಹಾಗೆ ಇಟ್ಟು, ಫೈಲನ್ನು ಗುಮಾಸ್ತರ ಕೈಗೇ ಕೊಟ್ಟಿದ್ದೆ. ಬರೆದದ್ದನ್ನು ಟೋಕನ್ ಅನ್ನೋ ಬಿಡಿ ಪದ, ಚಿಹ್ನೆಗಳಾಗಿ ಒಡೆಯುವ ಲೆಕ್ಸರ್, ಅವನ್ನು ಜೋಡಿಸಿ ಅರ್ಥ ಮಾಡಿಕೊಳ್ಳುವ ಪಾರ್ಸರ್, ಎರಡನ್ನೂ ಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೈಯಾರೆ ಬರೆದಿದ್ದೆ. ಫೋನ್ ಬರೋದು ತಪ್ಪಲಿಲ್ಲ, ಜಾಸ್ತಿ ಆಯ್ತು.

ತಪ್ಪಿದ್ದ ಸಾಲು ಇದು:

ಹಮಾಲಿ = ಚೀಲ * ದರ);

ಕೊನೆಯಲ್ಲಿ ಒಂದು ಬ್ರಾಕೆಟ್ ಸುಮ್ನೆ ಬಂದು ಕೂತಿದೆ, ಅಷ್ಟೇ. ಇದು ಫೈಲಿನ 7ನೇ ಸಾಲು. ನನ್ನ ಪ್ರೋಗ್ರಾಂ ಹೇಳಿದ್ದು ಸಾಲು 13, ಕಾಲಂ 37 (ಕಾಲಂ ಅಂದರೆ ಆ ಸಾಲಿನಲ್ಲಿ ಎಷ್ಟನೇ ಜಾಗ). ಎರಡೂ ತಪ್ಪು, ಅದೂ ಬೇರೆ ಬೇರೆ ಕಾರಣಕ್ಕೆ.

ಸಾಲಿನದು ಬೇಗ ಸಿಕ್ಕಿತು. ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ಲಿನಕ್ಸ್, ಅಲ್ಲಿ ಸಾಲಿನ ಕೊನೆಗೆ ಎಲ್‌ಎಫ್ ಅನ್ನೋ ಒಂದೇ ಬೈಟ್ (ಕಂಪ್ಯೂಟರ್ ಫೈಲನ್ನು ಇಡೋ ಪುಟ್ಟ ತುಣುಕು). ಗುಮಾಸ್ತರು ಬರೆಯೋದು ವಿಂಡೋಸ್ ನೋಟ್‌ಪ್ಯಾಡಿನಲ್ಲಿ, ಅಲ್ಲಿ ಸಿಆರ್, ಎಲ್‌ಎಫ್ ಅಂತ ಎರಡು. ನಾನು ಜಾಣತನ ಮಾಡಿ, ಸಿಆರ್ ಒಂದೇ ಇರೋ ಹಳೇ ಮ್ಯಾಕ್ ಫೈಲು ಬಂದರೂ ನಡೀಲಿ ಅಂತ, ಯಾವುದು ಕಂಡರೂ ಸಾಲು ಒಂದು ಏರಿಸು ಅಂತ ಬರೆದಿದ್ದೆ. 6 ಸಾಲು ದಾಟೋದರೊಳಗೆ 12 ಏರಿತ್ತು. ಸಿಆರ್ ಬೆನ್ನಿಗೇ ಎಲ್‌ಎಫ್ ಇದ್ದರೆ ಎರಡನ್ನೂ ಸೇರಿಸಿ ಒಂದೇ ಅಂತ ಎಣಿಸಬೇಕು. ಅದನ್ನು ಸರಿಮಾಡಿ ಕಳಿಸಿ, ಮುಗೀತು ಅಂದುಕೊಂಡೆ.

ಮಾರನೇ ದಿನ ಮತ್ತೆ ಫೋನ್. "ಸಾಲು ಸರಿಯಾತು ತಮ್ಮಾ. ಈ 37 ಏನು? ನಾನು ಬೆರಳಿಟ್ಟು ಎಣಿಸಿದೆ, ಆ ಬ್ರಾಕೆಟ್ಟು 14ನೇದು." ಪಾಪ, ನಿಜವಾಗಲೂ ಪರದೆ ಮೇಲೆ ಬೆರಳಿಟ್ಟು ಎಣಿಸಿದ್ದರು.

ನೀವೂ ಎಣಿಸಿ ನೋಡಿ. ಹ, ಮಾ, ಲಿ ಮೂರು. ಖಾಲಿ ಜಾಗ, ಸಮ ಚಿಹ್ನೆ, ಖಾಲಿ ಜಾಗ, ಒಟ್ಟು ಆರು. ಚೀ, ಲ ಎಂಟು. ಮತ್ತೆ ಮೂರು, ಹನ್ನೊಂದು. ದ, ರ ಹದಿಮೂರು. ಬ್ರಾಕೆಟ್ 14ನೇದು, ಗುಮಾಸ್ತರು ಹೇಳಿದ್ದೇ ಸರಿ. ಆದರೆ ಜಗತ್ತಿನ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಮಾ ಅನ್ನೋದು ಮ ಮತ್ತು ಆ-ಕಾರದ ಚಿಹ್ನೆ, ಹೀಗೆ ಎರಡು ಸಂಕೇತ. ಹಾಗೆ ಎಣಿಸಿದರೆ ಅದೇ ಬ್ರಾಕೆಟ್ 17ನೇದು. ಆ ಸಂಕೇತಗಳನ್ನು ಬೈಟುಗಳಾಗಿ ಫೈಲಿನಲ್ಲಿ ಇಡುವ ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ ಬೈಟ್ ಲೆಕ್ಕದಲ್ಲಿ 37. ಗೋ ಭಾಷೆಯಲ್ಲಿ ಸ್ಟ್ರಿಂಗ್ ಅಂದರೆ ಬೈಟುಗಳ ಸಾಲು, ನಾನು ಯೋಚನೆ ಮಾಡದೆ ಅದನ್ನೇ ತೋರಿಸಿದ್ದೆ. ಇಂಗ್ಲಿಷಿನಲ್ಲೇ ಬರೆದಿದ್ದರೆ ಈ ಮೂರು ಲೆಕ್ಕವೂ ಒಂದೇ ಬರುತ್ತಿತ್ತು, ನನಗೆ ಯಾವತ್ತೂ ಗೊತ್ತೇ ಆಗುತ್ತಿರಲಿಲ್ಲ.

ಇದಕ್ಕೂ ಮೊದಲು ಇನ್ನೊಂದು ಪೆಟ್ಟು ತಿಂದಿದ್ದೆ, ಅದನ್ನೂ ಹೇಳಿಬಿಡ್ತೀನಿ. ಲೆಕ್ಸರಿನಲ್ಲಿ ಹೆಸರುಗಳನ್ನು ಹಿಡಿಯೋಕೆ, ಇದು ಅಕ್ಷರವೇ ಅಂತ ನೋಡಿ ಹೇಳುವ ಗೋದ 'ಈಸ್‌ಲೆಟರ್' ಬಳಸಿದ್ದೆ. ಅದರ ಪ್ರಕಾರ ಹ ಅಕ್ಷರ, ಮ ಅಕ್ಷರ, ಆದರೆ ಆ-ಕಾರದ ಚಿಹ್ನೆ ಅಕ್ಷರ ಅಲ್ಲ! ಯೂನಿಕೋಡಿನಲ್ಲಿ ಅದು 'ಮಾರ್ಕ್' ಗುಂಪಿಗೆ ಸೇರಿದ್ದು. 'ಹಮ' ಅಂತ ಒಂದು ಟೋಕನ್ ಮಾಡಿ, ಮುಂದೆ ಏನೋ ಗೊತ್ತಿಲ್ಲದ ಚಿಹ್ನೆ ಇದೆ ಅಂತ ಕೂಗುತ್ತಿತ್ತು. 'ಈಸ್‌ಮಾರ್ಕ್' ಕೂಡ ಸೇರಿಸಿ, ಜೊತೆಗೆ 'ಸಾಫ್ಟ್‌ವೇರ್' ಅಂತ ಬರೆಯುವಾಗ ನಡುವೆ ಕೂತು ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅನ್ನೂ ಒಪ್ಪಿಕೋ ಅಂದಮೇಲೆ ಸುಮ್ಮನಾಯ್ತು.

ಸರಿ, ಕಾಲಂಗೆ ವಾಪಸ್ ಬರೋಣ. ಮೊದಲ ಆವೃತ್ತಿಯಲ್ಲಿ ಲೆಕ್ಸರ್ ಒಂದೊಂದು ಅಕ್ಷರ ಮುಂದೆ ಹೋದಾಗಲೂ ಸಾಲು, ಕಾಲಂ ಎರಡು ಎಣಿಕೆ ಏರಿಸುತ್ತಿತ್ತು. ನೋಡೋಕೆ ಸುಲಭ. ಆದರೆ ಪಾರ್ಸರ್ ಕೆಲವು ಕಡೆ ಮುಂದೆ ಇಣುಕಿ ನೋಡಿ, ಇದಲ್ಲ ಅಂತ ಹಿಂದೆ ಬರಬೇಕು. ಹಿಂದೆ ಬರುವಾಗ ಜಾಗವನ್ನು ವಾಪಸ್ ಇಡ್ತಿದ್ದೆ, ಸಾಲಿನ ಎಣಿಕೆ ಇಡೋದು ಒಂದು ಕಡೆ ಮರೆತಿತ್ತು. ಟಿಪ್ಪಣಿ ಎರಡು ಮೂರು ಸಾಲು ಉದ್ದ ಇದ್ದಾಗ ಮಾತ್ರ ತಪ್ಪು ಕಾಣೋದು, ಉಳಿದಾಗ ಎಲ್ಲ ಸರಿ. ಇಂಥ ತಪ್ಪು ಹುಡುಕೋದು ಅಂದ್ರೆ ಮೆಕ್ಕೆಜೋಳದ ರಾಶಿಯಲ್ಲಿ ಕಲ್ಲು ಆರಿಸಿದ ಹಾಗೆ. ಒಂದು ಸಂಜೆ ಪೂರ್ತಿ ಹೋಯ್ತು, ಮಂಡಕ್ಕಿ ಮಿರ್ಚಿ ಎರಡು ಪ್ಲೇಟ್ ಖಾಲಿ ಆಯ್ತು.

ಆಮೇಲೆ ಗೋ ಜೊತೆಗೇ ಬರುವ ಟೋಕನ್ ಅನ್ನೋ ಸಿದ್ಧ ಕೋಡಿನ ಪ್ಯಾಕೇಜನ್ನು ತೆರೆದು ನೋಡಿದೆ. ಅಲ್ಲಿ ಒಂದು ಟೋಕನ್ನಿನ ಜಾಗ ಅಂದರೆ ಒಂದೇ ಒಂದು ಸಂಖ್ಯೆ. ಸಾಲೂ ಇಲ್ಲ, ಕಾಲಮ್ಮೂ ಇಲ್ಲ. ಸಾಲುಗಳು ಎಲ್ಲೆಲ್ಲಿ ಶುರು ಆಗ್ತವೆ ಅನ್ನೋ ಪಟ್ಟಿಯನ್ನು ಬೇರೆ ಇಟ್ಟುಕೊಂಡು, ಯಾರಾದರೂ ಕೇಳಿದಾಗ ಮಾತ್ರ ಸಾಲು ಕಾಲಂ ಲೆಕ್ಕ ಹಾಕಿ ಕೊಡುತ್ತದೆ. ಒಂದಕ್ಕಿಂತ ಜಾಸ್ತಿ ಫೈಲಿದ್ದರೆ ಪ್ರತಿ ಫೈಲಿಗೂ ಬೇರೆ ಬೇರೆ ಆರಂಭದ ಸಂಖ್ಯೆ, ಹಾಗಾಗಿ ಆ ಒಂದು ಸಂಖ್ಯೆಯಿಂದಲೇ ಯಾವ ಫೈಲು ಅನ್ನೋದೂ ಗೊತ್ತಾಗುತ್ತದೆ. ಇಷ್ಟು ಸುಲಭದ್ದು ನನಗ್ಯಾಕೆ ಹೊಳೀಲಿಲ್ಲ ಅನ್ನಿಸಿತು.

ನಾನೂ ಹಾಗೇ ಮಾಡಿದೆ. ಪ್ರತಿ ಟೋಕನ್ನಿಗೆ ಎರಡು ಸಂಖ್ಯೆ: ಯಾವ ಬೈಟಿನಲ್ಲಿ ಶುರು, ಯಾವ ಬೈಟಿಗೆ ಮುಂಚೆ ಮುಗಿಯಿತು. ಪಾರ್ಸರ್ ಟೋಕನ್ನುಗಳನ್ನು ಜೋಡಿಸಿ ಕಟ್ಟುವ ಮರದಂಥ ರಚನೆಯಲ್ಲಿ ಒಂದು ಕೊಂಬೆಯ ವ್ಯಾಪ್ತಿ ಅಂದರೆ ಅದರ ಮೊದಲ ಟೋಕನ್ನಿನ ಶುರುವಿನಿಂದ ಕೊನೆಯ ಟೋಕನ್ನಿನ ಅಂತ್ಯದವರೆಗೆ. ಫೈಲು ಓದಿದ ತಕ್ಷಣ ಒಂದು ಸಲ ಓಡಿ ಸಾಲುಗಳ ಪಟ್ಟಿ ಮಾಡಿಕೊಳ್ಳೋದು. ತಪ್ಪು ಸಿಕ್ಕಾಗ ಆ ಪಟ್ಟಿಯಲ್ಲಿ ಬೈನರಿ ಸರ್ಚ್, ಅಂದರೆ ಪ್ರತಿ ಸಲ ಅರ್ಧ ಪಟ್ಟಿ ಬಿಟ್ಟು ಹುಡುಕೋದು. 4,000 ಸಾಲಿನ ಫೈಲಾದರೂ ಹನ್ನೆರಡು ಸಲ ನೋಡಿದರೆ ಸಾಲು ಸಿಗುತ್ತದೆ. ಹಿಂದೆ ಮುಂದೆ ಓಡಾಡುವಾಗ ಒಂದೇ ಸಂಖ್ಯೆ ನೋಡಿಕೊಂಡರೆ ಸಾಕು.

ಇಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಇನ್ನೊಂದು ಅಂಗಡಿಯ ನಿಯಮದ ಫೈಲು ಯಾವುದೋ ಕನ್ವರ್ಟರ್ ಹಾಯ್ದು ಬಂದಿತ್ತು. ಅದರಲ್ಲಿ 'ಜೋಳ' ಅನ್ನೋ ಪದದ ಓ-ಕಾರ ಒಂದು ಸಂಕೇತ ಆಗಿರದೆ ಎ-ಕಾರ, ಊ-ಕಾರ, ಮೇಲೊಂದು ದೀರ್ಘ ಅಂತ ಮೂರು ತುಂಡಾಗಿತ್ತು. ಪರದೆ ಮೇಲೆ ಒಂದಿಷ್ಟೂ ವ್ಯತ್ಯಾಸ ಇಲ್ಲ, ಆದರೆ ಒಂದು ಜೋಳ 9 ಬೈಟ್, ಇನ್ನೊಂದು ಜೋಳ 15 ಬೈಟ್. ಎರಡೂ ಬೇರೆ ಹೆಸರು ಅಂತ ನನ್ನ ಪ್ರೋಗ್ರಾಂ ತಕರಾರು ತೆಗೆಯಿತು. ಲೆಕ್ಸರಿಗೆ ಕೊಡೋ ಮುಂಚೆ ಇಡೀ ಫೈಲನ್ನೇ ನಾರ್ಮಲೈಸ್ ಮಾಡಿಬಿಟ್ಟೆ, ಅಂದರೆ ಹೀಗೆ ತುಂಡಾದದ್ದನ್ನೆಲ್ಲ ಒಂದೇ ಸಂಕೇತಕ್ಕೆ ತಂದೆ. ಹೆಸರಿನ ಗಲಾಟೆ ನಿಂತಿತು, ಜಾಗದ ಗಲಾಟೆ ಶುರುವಾಯ್ತು. ಒಂದೊಂದು ಜೋಳಕ್ಕೂ ಮೂಲ ಫೈಲಿಗಿಂತ 6 ಬೈಟ್ ಜಾರಿ, ಫೈಲಿನ ಕೊನೆಗೆ ಹೋಗೋದರೊಳಗೆ ತಪ್ಪಿನ ಜಾಗ ಬೇರೆ ಸಾಲಿಗೇ ಹೋಗಿರುತ್ತಿತ್ತು, ಕೆಲವು ಸಲ ಅಕ್ಷರದ ಮಧ್ಯಕ್ಕೇ ಕತ್ತರಿ ಬಿದ್ದು ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಕಾಣುತ್ತಿತ್ತು. ಈಗ ಫೈಲನ್ನು ಮುಟ್ಟೋದೇ ಇಲ್ಲ. ಟೋಕನ್ ಹಿಡಿದಮೇಲೆ ಅದರ ಹೆಸರನ್ನು ಮಾತ್ರ ನಾರ್ಮಲೈಸ್ ಮಾಡಿ ಹೋಲಿಸ್ತೀನಿ, ಜಾಗ ಮೂಲ ಫೈಲಿನದೇ.

ಗುಮಾಸ್ತರ ಇನ್ನೊಂದು ದೂರು: "7ನೇ ಸಾಲಾಗೆ ತಪ್ಪು ಅಂತೈತೆ, ಅಲ್ಲೇನೂ ಇಲ್ಲ, 6ರಾಗೆ ಐತೆ." 6ನೇ ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟಿದ್ದರು. ಪಾರ್ಸರಿಗೆ ಅದು ಗೊತ್ತಾಗೋದು ಮುಂದಿನ ಟೋಕನ್ ನೋಡಿದಮೇಲೆ, ಅದು ಇರೋದು 7ರಲ್ಲಿ. ಹಾಗಾಗಿ 'ಇಲ್ಲಿ ಏನೋ ಬಿಟ್ಟುಹೋಗಿದೆ' ಅನ್ನುವ ತಪ್ಪಿಗೆ ಮಾತ್ರ ಹಿಂದಿನ ಟೋಕನ್ ಮುಗಿದ ಜಾಗ ತೋರಿಸು ಅಂತ ಬದಲಾಯಿಸಿದೆ. ಎರಡು ಸಾಲಿನ ಬದಲಾವಣೆ, ಆದರೆ ಇಷ್ಟೂ ಕೆಲಸದಲ್ಲಿ ಅವರಿಗೆ ಜಾಸ್ತಿ ಉಪಕಾರ ಆಗಿದ್ದು ಇದರಿಂದಲೇ.

ಇನ್ನು ಕಾಲಂ ಯಾವ ಲೆಕ್ಕದಲ್ಲಿ ತೋರಿಸೋದು? ಕಣ್ಣಿಗೆ ಕಾಣೋ ಅಕ್ಷರ ಎಣಿಸೋಣ ಅಂತ ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡು) ತಂದೆ. ಅದಕ್ಕೆ 'ಚಿತ್ರದುರ್ಗ' ಕೊಟ್ಟರೆ ಆರು ಅಂದಿತು. ಚಿ, ತ್ರ, ದು, ರ್ಗ, ನಮಗೆಲ್ಲ ನಾಲ್ಕೇ ಅಲ್ವಾ? ಅದು ಒತ್ತಕ್ಷರವನ್ನು ಎರಡಾಗಿ ಒಡೆದು ಎಣಿಸುತ್ತಿತ್ತು. ಸಂಕೇತಗಳ ಲೆಕ್ಕದಲ್ಲಿ ಹತ್ತು, ಬೈಟ್ ಲೆಕ್ಕದಲ್ಲಿ 30.

ಎಡಿಟರಿನದು ಬೇರೆಯದೇ ಕಥೆ. ವಿಎಸ್ ಕೋಡ್ ಅನ್ನೋ ಕೋಡ್ ಎಡಿಟರ್ ಒಳಗೆ ತಪ್ಪಿನ ಕೆಳಗೆ ಕೆಂಪು ಗೆರೆ ಬರಲಿ ಅಂತ, ಎಡಿಟರಿಗೂ ಇಂಥ ಪ್ರೋಗ್ರಾಮಿಗೂ ನಡುವಿನ ಮಾತುಕತೆಯ ನಿಯಮವಾದ ಎಲ್‌ಎಸ್‌ಪಿ ಮೂಲಕ ಜಾಗ ಕಳಿಸಿದೆ. ಗೆರೆ ಒಂದು ಸಾಲು ಕೆಳಗೆ ಬಿತ್ತು, ಯಾಕಂದ್ರೆ ಅಲ್ಲಿ ಸಾಲು, ಕಾಲಂ ಎರಡೂ ಸೊನ್ನೆಯಿಂದ ಶುರು. ಅದು ಸರಿಹೋದಮೇಲೆ ಬಿಲ್ಲಿನ ತಲೆಬರಹದಲ್ಲಿ ಕೈಮುಗಿಯೋ 🙏 ಇದ್ದ ಸಾಲಿನಲ್ಲಿ ಮಾತ್ರ ಗೆರೆ ಒಂದು ಜಾಗ ಎಡಕ್ಕೆ ಬರುತ್ತಿತ್ತು. ಎಲ್‌ಎಸ್‌ಪಿ ಎಣಿಸೋದು ಯುಟಿಎಫ್-16 ಅನ್ನೋ ಇನ್ನೊಂದು ಪದ್ಧತಿಯ ಲೆಕ್ಕದಲ್ಲಿ. ಕನ್ನಡದ ಸಂಕೇತ ಅಲ್ಲಿ ಒಂದೊಂದೇ, ಆದರೆ 🙏 ಎರಡು. 2022ರ 3.17 ಆವೃತ್ತಿಯಿಂದ ಬೇರೆ ಲೆಕ್ಕ ಬೇಕಾದರೆ ಎರಡೂ ಕಡೆಯವರು ಮೊದಲೇ ಮಾತಾಡಿಕೊಳ್ಳಬಹುದು, ಆದರೆ ಏನೂ ಹೇಳದಿದ್ದರೆ ಯುಟಿಎಫ್-16 ಅಂತಲೇ ಅರ್ಥ. ಒಳಗೆ ಬೈಟ್ ಮಾತ್ರ ಇಟ್ಟುಕೊಂಡಿದ್ದರಿಂದ ನನಗೆ ಇದು ಒಂದು ಪುಟ್ಟ ಫಂಕ್ಷನ್ನಿನಲ್ಲಿ ಮುಗೀತು: ಆ ಸಾಲಿನ ಶುರುವಿನಿಂದ ಆ ಬೈಟಿನವರೆಗಿನ ತುಂಡು ತಗೊಂಡು, ಕೇಳಿದವರ ಲೆಕ್ಕದಲ್ಲಿ ಎಣಿಸಿ ಕೊಡೋದು.

ಗುಮಾಸ್ತರಿಗೆ ಮಾತ್ರ ಕಾಲಂ ಸಂಖ್ಯೆ ತೋರಿಸೋದನ್ನೇ ಬಿಟ್ಟೆ. ಸಾಲಿನ ಕೆಳಗೆ ^ ಗುರುತು ಇಟ್ಟು ನೋಡಿದೆ, ಕೂರಲಿಲ್ಲ. ಕನ್ನಡದಲ್ಲಿ ಒಂದೊಂದು ಅಕ್ಷರ ಒಂದೊಂದು ಅಗಲ, ಎಷ್ಟು ಖಾಲಿ ಜಾಗ ಬಿಟ್ಟರೂ ಗುರುತು ಪಕ್ಕದವರ ಮನೆ ಬಾಗಿಲಲ್ಲೇ ನಿಲ್ಲುತ್ತದೆ. ಕೊನೆಗೆ ಸಾಲನ್ನೇ ಪೂರ್ತಿ ತೋರಿಸಿ, ತಪ್ಪಿರೋ ತುಂಡನ್ನು ಅಲ್ಲೇ ಗುರುತಿನೊಳಗೆ ಇಟ್ಟೆ:

7ನೇ ಸಾಲು: ಹಮಾಲಿ = ಚೀಲ * ದರ «)»;

ಟ್ಯಾಬ್ ಇದ್ದರೆ ನಾಲ್ಕೋ ಎಂಟೋ ಅನ್ನೋ ಜಗಳವೂ ಇದರಿಂದ ತಪ್ಪಿತು.

ಮೊನ್ನೆ ಮತ್ತೆ ಫೋನ್ ಬಂತು. ಏನಾಯ್ತಪ್ಪ ಅಂತ ಎತ್ತಿದೆ. "ಏನಿಲ್ಲ ತಮ್ಮಾ, ಬ್ರಾಕೆಟ್ ಒಂದು ಜಾಸ್ತಿ ಬಿದ್ದಿತ್ತು, ತೆಗೆದೆ. ಈ ಗುರುತು ಬಿಲ್ಲಿನ ಮ್ಯಾಲೆ ಪ್ರಿಂಟ್ ಆಗಾಕಿಲ್ಲ ಹೌದಲ್ಲ?" ಆಗಲ್ಲ ಅಂದೆ.