ಹುತ್ತರಿ ಹೊತ್ತಿಗೆ ತಾನಾಗಿ ನಿಲ್ಲುವ ನೋವು

ನಮ್ಮ ಕೊಡಗಿನಲ್ಲಿ ಕಾಫಿ ತೋಟದವರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆಯುತ್ತೇವೆ. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ನನ್ನ ತಲೆನೋವಿನ ಲೆಕ್ಕವನ್ನೂ ಇಡುತ್ತೇನೆ.

ನನ್ನದು ಕ್ಲಸ್ಟರ್ ತಲೆನೋವು. ತುಲಾ ಸಂಕ್ರಮಣ ಕಳೆದ ಮೇಲೆ ಶುರುವಾಗುತ್ತದೆ. ರಾತ್ರಿ ಒಂದೂವರೆ ಹೊತ್ತಿಗೆ ಬಲಗಣ್ಣಿನ ಹಿಂದೆ ಕಾದ ಕಬ್ಬಿಣ ತಿರುವಿದ ಹಾಗೆ. ಆ ಒಂದೇ ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ. ಮೈಗ್ರೇನ್ ಬಂದವರು ಕತ್ತಲೆಯಲ್ಲಿ ಅಲುಗಾಡದೆ ಮಲಗುತ್ತಾರೆ. ನಮಗೆ ಕೂರಲೂ ಆಗಲ್ಲ. ಖಾಲಿ ಕಣದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇರುತ್ತೇನೆ. ಈ ನೋವು ಒಂದು ಸಲ ಬಂದರೆ 15 ನಿಮಿಷದಿಂದ 3 ಗಂಟೆವರೆಗೂ ಇರಬಹುದು. ಹೀಗೆ ದಿನಾ ಬಂದು ಆರೇಳು ವಾರ ಕಾಡಿ, ಹುತ್ತರಿ ಹೊತ್ತಿಗೆ ತಾನಾಗಿಯೇ ಹೋಗುತ್ತದೆ. ಆಮೇಲೆ ಒಂದೆರಡು ವರ್ಷ ಸುದ್ದಿಯೇ ಇರಲ್ಲ.

ಈ ‘ತಾನಾಗಿಯೇ’ ಅನ್ನುವುದೇ ನನ್ನನ್ನು ದಾರಿ ತಪ್ಪಿಸಿದ್ದು. ಮೊದಲ ಸಲ ಸೈನಸ್ ಅಂದರು, ಮಾತ್ರೆ ನುಂಗಿದೆ. ಒಂದು ಹಲ್ಲನ್ನೂ ಸುಮ್ನೆ ಕೀಳಿಸಿಕೊಂಡೆ. ಆರನೇ ವಾರದಲ್ಲಿ ಯಾರೋ ಕೊಟ್ಟ ನಾಟಿ ಎಣ್ಣೆ ಮೂಗಿಗೆ ಬಿಟ್ಟೆ. ನಾಲ್ಕೇ ದಿನ, ನೋವು ಮಾಯ. ಗೋಣಿಕೊಪ್ಪಲು ಸಂತೆಯಲ್ಲಿ ಸಿಕ್ಕಿದ, ಇದೇ ನೋವಿನ ಒಬ್ಬರಿಗೂ ಹೇಳಿದೆ. ಮುಂದಿನ ಸಲ ಮೊದಲ ದಿನದಿಂದಲೇ ಎಣ್ಣೆ ಹಾಕಿದೆ. ಏಳು ವಾರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅವರೂ ನನ್ನ ಮಾತು ನಂಬಿ, ಡಾಕ್ಟರ ಹತ್ತಿರ ಹೋಗದೆ ಅಷ್ಟೂ ದಿನ ನೋವು ತಿಂದಿದ್ದರು. ಮನೆಗೇ ಹೋಗಿ ತಪ್ಪಾಯಿತು ಅಂದೆ. ಆದರೂ ಅದು ಇವತ್ತಿಗೂ ಕೊರೆಯುತ್ತದೆ.

ತೋಟದಲ್ಲಾದರೆ ನಾನು ಹೀಗೆ ಮೋಸ ಹೋಗುತ್ತಿರಲಿಲ್ಲ. ಎಲೆ ತುಕ್ಕಿಗೆ ಹೊಸ ಔಷಧಿ ತಂದರೆ ಎರಡು ಸಾಲು ಹೊಡೆಯದೆ ಬಿಡುತ್ತೇನೆ. ಬಿಟ್ಟ ಸಾಲಲ್ಲೂ ರೋಗ ಇಳಿದರೆ ಅದು ಹವೆಯ ಕೆಲಸ, ಔಷಧಿಯದ್ದಲ್ಲ. ಆದರೆ ಇರುವುದು ಒಂದೇ ತಲೆ, ಅದರಲ್ಲಿ ಸಾಲು ಬಿಡುವುದು ಹೇಗೆ?

ಬಂದ ನೋವನ್ನು ಆಗಲೇ ನಿಲ್ಲಿಸುವ ಮದ್ದಾದರೆ ಮನೆಯಲ್ಲೇ ಅಳೆಯಬಹುದು, ಯಾಕಂದರೆ ನೋವು ದಿನಾ ಬರುತ್ತದೆ. ಮಡಿಕೇರಿಯಲ್ಲಿ ತೋರಿಸಿದಾಗ ಡಾಕ್ಟರ್ ಆಕ್ಸಿಜನ್ ಬರೆದುಕೊಟ್ಟರು. ಚೀಲ ಇರುವ ಮಾಸ್ಕ್, ನಿಮಿಷಕ್ಕೆ 12 ಲೀಟರ್, 15 ನಿಮಿಷ. ಸಿಲಿಂಡರ್ ಇರುವ ಕೋಣೆಯಲ್ಲಿ ಬೀಡಿ, ದೀಪ ಯಾವುದೂ ಕೂಡದು. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ‘ಶುರು 1:40. ಮಾಸ್ಕ್ 1:46. ಕಣ್ಣೀರು ನಿಂತದ್ದು 1:55. ಪೂರ್ತಿ ಹೋದದ್ದು 1:59.’ ಹಿಂದಿನ ಸಲದ ಪುಟಗಳಲ್ಲಿ ಒಂದೊಂದು ನೋವೂ ಗಂಟೆ ಮೀರಿದೆ. ಅದೇ ನಾನು ಔಷಧಿ ಹೊಡೆಯದೆ ಬಿಟ್ಟ ಸಾಲು. 11 ಸಲದಲ್ಲಿ 8 ಸಲ ಆಕ್ಸಿಜನ್ ಕೆಲಸ ಮಾಡಿತು. ಮಾಡದ 3 ಸಲವನ್ನೂ ಬರೆದಿದ್ದೇನೆ. ಅದನ್ನು ಬಿಟ್ಟರೆ ಲೆಕ್ಕವೇ ಸುಳ್ಳು, ಅಲ್ವಾ?

2009ರಲ್ಲಿ ಪ್ರಕಟವಾದ ಪರೀಕ್ಷೆ ಇದನ್ನೇ ಇನ್ನೂ ಗಟ್ಟಿಯಾಗಿ ಮಾಡಿತ್ತು. ಕೆಲವು ಸಿಲಿಂಡರಿನಲ್ಲಿ ಬರೀ ಗಾಳಿ ತುಂಬಿ ಕೊಟ್ಟಿದ್ದರು. ಆಕ್ಸಿಜನ್ ಎಳೆದಾಗ 15 ನಿಮಿಷದಲ್ಲಿ 100ಕ್ಕೆ 78 ಸಲ ನೋವು ಹೋಯಿತು, ಇಲ್ಲವೇ ಸಾಕಷ್ಟು ಇಳಿಯಿತು. ಗಾಳಿಗೆ 20 ಸಲ.

ನೋವು ಬಾರದಂತೆ ತಡೆಯುವ ಮದ್ದಿನ ಕಥೆ ಬೇರೆ. ಅಲ್ಲಿ ನನ್ನ ಪುಸ್ತಕ ಸಾಲದು. ಗಾಲ್ಕನೆಜುಮ್ಯಾಬ್ ಇಂಜೆಕ್ಷನ್ ಸುದ್ದಿ ಬಂದಾಗ ಎಲ್ಲರೂ ಹೇಳಿದ್ದು, ಮೊದಲ ಮೂರು ವಾರದಲ್ಲಿ ವಾರಕ್ಕೆ ಸರಾಸರಿ 8.7 ನೋವು ಕಡಿಮೆಯಾಯಿತು ಅಂತ. ನಾನು ಪಕ್ಕದ ಸಾಲು ಹುಡುಕಿದೆ. 2019ರ ಆ ಪರೀಕ್ಷೆಯಲ್ಲಿ ಮದ್ದೇ ಇಲ್ಲದ ಇಂಜೆಕ್ಷನ್ ಪಡೆದವರಿಗೂ 5.2 ಕಡಿಮೆಯಾಗಿತ್ತು. ಮದ್ದಿನ ಸ್ವಂತ ಪಾಲು 3.5. ಅದೂ ನಮ್ಮ ಹಾಗೆ ಬಿಟ್ಟು ಬಿಟ್ಟು ಬರುವವರಿಗೆ. ವರ್ಷವಿಡೀ ಬಿಡದೆ ಕಾಡುವವರಲ್ಲಿ ಮಾಡಿದ ಪರೀಕ್ಷೆಯಲ್ಲಿ ಮದ್ದು ಗೆಲ್ಲಲಿಲ್ಲ. 3.5 ಸಣ್ಣದಲ್ಲ. ರಾತ್ರಿ ಕಣದಲ್ಲಿ ನಡೆದವರಿಗೆ ಒಂದೊಂದು ನೋವಿನ ಬೆಲೆಯೂ ಗೊತ್ತು. ಆದರೆ 8.7 ಅಂತ ನಂಬಿ ದುಡ್ಡು ಹೊಂದಿಸುವುದಕ್ಕೂ 3.5 ಅಂತ ತಿಳಿದು ಹೊಂದಿಸುವುದಕ್ಕೂ ವ್ಯತ್ಯಾಸ ಜಾಸ್ತಿ.

ಹೋದ ಸಲ ಡಾಕ್ಟರ್ ಇಸಿಜಿ ಮಾಡಿಸಿ, ನೋವು ಬಾರದಂತೆ ತಡೆಯುವ ವೆರಪಮಿಲ್ ಅನ್ನುವ ಮದ್ದು ಶುರು ಮಾಡಿದರು. ಮೊದಲ ವಾರದಲ್ಲೇ ಶುರು, ಜೊತೆಗೆ ಬೇರೆ ಯಾವ ಹೊಸ ಮದ್ದೂ ಇಲ್ಲ. ನಾಲ್ಕನೇ ವಾರಕ್ಕೆ ನೋವು ನಿಂತಿತು. ಪುಸ್ತಕದಲ್ಲಿ ‘ಮದ್ದಿನಿಂದ ಇರಬಹುದು. ಇನ್ನೊಂದು ಸಲ ನೋಡಬೇಕು’ ಅಂತ ಬರೆದು ತಾರೀಕು ಹಾಕಿದ್ದೇನೆ.