ಮಲ್ಚಿಂಗ್ ಶೀಟ್ ಹಾಸುವ ಮುಂಚೆ ಎಳೆದು ನೋಡಿ

ಬೆಳೆಯ ಸಾಲಿನಲ್ಲಿ ಮಣ್ಣಿನ ಮೇಲೆ ಹಾಸುವ ಈ ಪ್ಲಾಸ್ಟಿಕ್ ಶೀಟ್ ಕೊಳ್ಳುವಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: ದಪ್ಪ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು)? 25 ಅಂದರೆ ಒಂದು ರೇಟು, 30 ಅಂದರೆ ಇನ್ನೊಂದು. ಎರಡು ಬೆರಳಲ್ಲಿ ಉಜ್ಜಿ ನೋಡಿ, ದುಡ್ಡು ಕೊಟ್ಟು, ರೋಲ್ ಹೊತ್ತು ತರುತ್ತೇವೆ. ನಾನೂ ಹಾಗೇ ತಂದಿದ್ದೆ. ಮೆಣಸಿನ ಸಸಿ ನೆಟ್ಟು ತಿಂಗಳಾಗಿರಲಿಲ್ಲ. ಸಸಿಗೆಂದು ಚಾಕುವಿನಲ್ಲಿ ಕೊಯ್ದ ತೂತಿನಿಂದ ಶುರುವಾಗಿ ಶೀಟ್ ಸಾಲಿನುದ್ದಕ್ಕೂ ಸೀಳಿಹೋಗಿತ್ತು. ಅಳೆಸಿ ನೋಡಿದರೆ ದಪ್ಪ ಸರಿಯಾಗೇ ಇತ್ತು! ತೆಳು ಹಾಳೆ ಎಷ್ಟು ದಪ್ಪ ಅನ್ನುವುದರಷ್ಟೇ ಮುಖ್ಯ, ಒಂದು ಸಣ್ಣ ಗಾಯವಾದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು. ಅದನ್ನು ಮನೆಯಲ್ಲೇ ನೋಡಬಹುದು.

ಬೇಕಾಗುವುದು ಇಷ್ಟು: ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಮಾರ್ಕರ್ ಪೆನ್ನು, ಎರಡು ಲೀಟರಿನ ಖಾಲಿ ಬಾಟಲಿ, ನಾಲ್ಕು ಚಪ್ಪಟೆ ಕಡ್ಡಿ, ಸ್ವಲ್ಪ ದಾರ.

ಮೊದಲು ತೂಕ

ದಪ್ಪವನ್ನು ತಕ್ಕಡಿಯಿಂದಲೇ ತಿಳಿಯಬಹುದು. ಪಾಲಿಥಿನ್ ನೀರಿಗಿಂತ ಸ್ವಲ್ಪ ಹಗುರ, ಒಂದು ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ. 25 ಮೈಕ್ರಾನ್ ಹಾಳೆ ಒಂದು ಚದರ ಮೀಟರಿಗೆ 23 ಗ್ರಾಂ ತೂಗಬೇಕು. 1.2 ಮೀಟರ್ ಅಗಲ, 400 ಮೀಟರ್ ಉದ್ದದ ರೋಲ್ ಆದರೆ ಒಳಗಿನ ಕೊಳವೆ ಬಿಟ್ಟು ಸುಮಾರು 11 ಕೆ.ಜಿ. ಅದೇ ರೋಲ್ 9 ಕೆ.ಜಿ. ತೂಗಿದರೆ ನಿಮಗೆ ಸಿಕ್ಕಿದ್ದು 20 ಮೈಕ್ರಾನ್ ಚಿಲ್ಲರೆ ಅಷ್ಟೇ. ಸುಣ್ಣದಕಲ್ಲಿನ ಪುಡಿ ಬೆರೆಸಿದ ಹಾಳೆ ಮಾತ್ರ ದಪ್ಪಕ್ಕೆ ಮೀರಿ ತೂಗುತ್ತದೆ. ಅದಕ್ಕೇ ತೂಕ ಸರಿಯಿದ್ದರೂ ಮುಂದಿನ ಪರೀಕ್ಷೆ ಬಿಡಬೇಡಿ.

ಪಟ್ಟಿ ಕತ್ತರಿಸುವುದು

ಇಲ್ಲಿ ಅವಸರ ಬೇಡ. ಗಾಜು ಅಥವಾ ಟೈಲ್ಸ್ ಮೇಲೆ ಹಾಳೆ ಹರಡಿ, ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕೊಯ್ಯಿರಿ. 2.5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ. ಕತ್ತರಿ ಬಳಸಬೇಡಿ. ಕತ್ತರಿ ನಿಂತು ನಿಂತು ಹೋಗುವಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಕಚ್ಚುಗಳಾಗುತ್ತವೆ. ಪಟ್ಟಿ ಅಲ್ಲಿಂದಲೇ ಹರಿಯುತ್ತದೆ. ಆಮೇಲೆ ಹಾಳೆಯನ್ನು ಬೈದು ಪ್ರಯೋಜನವಿಲ್ಲ.

ರೋಲಿನ ಉದ್ದಕ್ಕೆ ಐದು, ಅಡ್ಡಕ್ಕೆ ಐದು ಪಟ್ಟಿ ಬೇಕು. ಯಾಕೆ ಎರಡೂ ಕಡೆ? ಕರಗಿದ ಪ್ಲಾಸ್ಟಿಕ್ಕನ್ನು ದೊಡ್ಡ ಬಲೂನಿನಂತೆ ಊದಿ, ಮೇಲಕ್ಕೆ ಎಳೆಯುತ್ತಾ ಈ ಹಾಳೆ ಮಾಡುತ್ತಾರೆ. ಎಳೆದ ಕಡೆಗೆ ಒಳಗಿನ ಉದ್ದುದ್ದ ಅಣುಸರಪಳಿಗಳು ಸಾಲಾಗಿ ನಿಲ್ಲುತ್ತವೆ. ಬಾಳೆ ಎಲೆ ನೆನಪಿಸಿಕೊಳ್ಳಿ. ಗೀರಿನ ಜೊತೆಗೆ ಸಲೀಸಾಗಿ ಸೀಳುತ್ತದೆ, ಗೀರಿಗೆ ಅಡ್ಡ ಸೀಳಲು ಹೋದರೆ ಕೈಗೆ ಬರುವುದಿಲ್ಲ ಅಲ್ವಾ? ಹಾಳೆಯೂ ಹಾಗೇ.

ಎಳೆಯುವುದು

ಪಟ್ಟಿಯ ನಡುವೆ 5 ಸೆಂ.ಮೀ. ದೂರಕ್ಕೆ ಎರಡು ಗೆರೆ ಹಾಕಿ. ಎರಡೂ ತುದಿಗಳನ್ನು ಕಡ್ಡಿಗಳ ನಡುವೆ ಇಟ್ಟು ಎರಡು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿ. ಮೇಲಿನದನ್ನು ಕೊಕ್ಕೆಗೆ ತೂಗುಹಾಕಿ, ಕೆಳಗಿನದಕ್ಕೆ ಬಾಟಲಿ ಕಟ್ಟಿ, ನಿಧಾನವಾಗಿ ನೀರು ಸುರಿಯಿರಿ. ಒಂದು ಲೀಟರ್ ಅಂದರೆ ಒಂದು ಕೆ.ಜಿ. ಕೆಳಗೆ ಬಕೆಟ್ ಇಡುವುದು ಮರೆಯಬೇಡಿ.

ಮೊದಲು ಏನೂ ಆಗದ ಹಾಗೆ ಕಾಣುತ್ತದೆ. ಈಗ ಬಾಟಲಿ ತೆಗೆದರೆ ಪಟ್ಟಿ ಮೊದಲಿನ ಉದ್ದಕ್ಕೇ ಬರುತ್ತದೆ. ಇನ್ನಷ್ಟು ನೀರು ಬಿದ್ದರೆ ಎಷ್ಟೋ ಹಾಳೆಗಳಲ್ಲಿ ಪಟ್ಟಿಯ ಸೊಂಟ ಸಣ್ಣಗಾಗುತ್ತದೆ, ಬಣ್ಣ ಬಿಳಚಿಕೊಳ್ಳುತ್ತದೆ. ಸರಪಳಿಗಳು ಬಿಚ್ಚಿಕೊಂಡು ಜರುಗಲು ಶುರುವಾಗಿವೆ ಅಂತ ಅರ್ಥ. ಇಲ್ಲಿಂದ ಅದು ಹಳೆಯ ಉದ್ದಕ್ಕೆ ವಾಪಸ್ ಬರುವುದಿಲ್ಲ. ಕೊನೆಗೆ ಹರಿಯುತ್ತದೆ. ಹರಿದ ಮೇಲೆ ಗೆರೆಗಳ ನಡುವಿನ ದೂರ ಅಳೆಯಿರಿ. 5 ಸೆಂ.ಮೀ. ಇದ್ದದ್ದು 15 ಆಗಿದ್ದರೆ ಶೇ 200 ಹಿಗ್ಗಿದೆ. ಒಳ್ಳೆಯ ಪಾಲಿಥಿನ್ ಹಾಳೆಗೆ ಇದು ದೊಡ್ಡ ಮಾತೇನಲ್ಲ. ಸ್ವಲ್ಪವೂ ಹಿಗ್ಗದೆ ಪಟ್ಟಂತ ಹರಿದರೆ ಅನುಮಾನ ಪಡಿ. ಕಡ್ಡಿಯ ಬಾಯಲ್ಲೇ ಹರಿದ ಪಟ್ಟಿಯ ಲೆಕ್ಕ ಮಾತ್ರ ಬಿಟ್ಟುಬಿಡಿ, ಅದು ಕಟ್ಟಿನ ತಪ್ಪು.

ಬೇರೆ ಬೇರೆ ದಪ್ಪದ ಹಾಳೆಗಳನ್ನು ಹೋಲಿಸಬೇಕಾದರೆ ಭಾರವನ್ನು ಅಗಲ ಮತ್ತು ದಪ್ಪದ ಗುಣಲಬ್ಧದಿಂದ ಭಾಗಿಸಬೇಕು. 1 ಕೆ.ಜಿ. ಭಾರ ಅಂದರೆ ಸುಮಾರು 9.8 ನ್ಯೂಟನ್; ಒಂದು ಚದರ ಮಿ.ಮೀ.ಗೆ ಒಂದು ನ್ಯೂಟನ್ ಅಂದರೆ ಒಂದು ಮೆಗಾಪ್ಯಾಸ್ಕಲ್. 25 ಮಿ.ಮೀ. ಅಗಲ, 0.025 ಮಿ.ಮೀ. ದಪ್ಪದ ಪಟ್ಟಿ 1 ಕೆ.ಜಿ.ಗೆ ಹರಿದರೆ ಅದರ ಬಲ ಸುಮಾರು 15.7 ಮೆಗಾಪ್ಯಾಸ್ಕಲ್.

ಎಲ್ಲ ಪಟ್ಟಿಗಳನ್ನೂ ದಿನದ ಒಂದೇ ಹೊತ್ತಿನಲ್ಲಿ, ಒಂದೇ ವೇಗದಲ್ಲಿ ಎಳೆಯಿರಿ. ನಿಧಾನವಾಗಿ ಎಳೆದಾಗ ರಬ್ಬರಿನಂತೆ ಬರುವ ಹಾಳೆ, ಜರ್ರನೆ ಎಳೆದಾಗ ಬೇಗ ಹರಿಯುತ್ತದೆ. ಜರುಗಲು ಸರಪಳಿಗೆ ಹೊತ್ತು ಸಿಗುವುದಿಲ್ಲ. ಚಳಿಯಲ್ಲೂ ಹಾಗೇ. ಅದಕ್ಕೇ ಪ್ರಯೋಗಾಲಯಗಳಲ್ಲಿ 23 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿಟ್ಟು, ಮಷಿನ್ನಿನ ವೇಗ ಕಟ್ಟಿ ಎಳೆಯುತ್ತಾರೆ.

ಗಾಯ ಮಾಡಿ ನೋಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಇನ್ನೆರಡು ಪಟ್ಟಿ ತೆಗೆದುಕೊಂಡು ಅಂಚಿನಲ್ಲಿ 5 ಮಿ.ಮೀ. ಕಚ್ಚು ಹಾಕಿ. ಐದರಲ್ಲಿ ಒಂದು ಪಾಲು ಅಗಲ ಹೋಯಿತು, ಬಲವೂ ಅಷ್ಟೇ ಹೋಗಬೇಕಲ್ಲ? ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಹೋಗುತ್ತದೆ. ಹಿಗ್ಗುವ ಗುಣವಂತೂ ಇನ್ನೂ ತುಂಬಾ ಜಾಸ್ತಿ ಹೋಗುತ್ತದೆ. ಎಳೆತದ ಹೊರೆಯೆಲ್ಲ ಕಚ್ಚಿನ ತುದಿಗೆ ಬಂದು ಸೇರುವುದೇ ಕಾರಣ. ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ ಗಾಜಿನ ಮೇಲೆ ಪ್ರಯೋಗ ಮಾಡಿ ಇದನ್ನು ಲೆಕ್ಕದಲ್ಲಿ ತೋರಿಸಿದ್ದು ನೂರು ವರ್ಷದ ಹಿಂದೆ. 1921ರ ಅವರ ಪ್ರಬಂಧದ ತಿರುಳು ಇಷ್ಟೇ: ವಸ್ತು ಮುರಿಯುವುದು ಅದರಲ್ಲಿ ಮೊದಲೇ ಇರುವ ಬಿರುಕುಗಳಿಂದ.

ಕಚ್ಚಿನ ತುದಿಯನ್ನು ಹತ್ತಿರದಿಂದ ನೋಡುತ್ತಿರಿ. ಒಳ್ಳೆಯ ಹಾಳೆಯಲ್ಲಿ ಚೂಪು ತುದಿ ಹಿಗ್ಗಿ ದುಂಡಗಾಗುತ್ತದೆ, ಸೀಳು ಅಲ್ಲೇ ತಡವರಿಸುತ್ತದೆ. ಕಳಪೆಯದ್ದರಲ್ಲಿ ತುದಿ ಚೂಪಾಗೇ ಉಳಿದು ಒಂದೇ ಉಸಿರಿಗೆ ಆಚೆ ದಡ ಸೇರುತ್ತದೆ. ಚಿಪ್ಸ್ ಪ್ಯಾಕೆಟ್ಟಿನ ಅಂಚಿಗೆ ಗರಗಸದ ಹಲ್ಲು ಕೊಡುವುದು ಇದೇ ಗುಣ ಬಳಸಿಕೊಳ್ಳಲು. ಸುಮ್ನೆ ಎಳೆದರೆ ಬಾರದ ಹಾಳೆ, ಒಂದು ಹಲ್ಲಿನ ಸಂದಿನಿಂದ ಸರ್ರನೆ ಬಿಚ್ಚಿಕೊಳ್ಳುತ್ತದೆ.

ಜೊತೆಗೆ ಇನ್ನೊಂದು ಪಟ್ಟಿಯನ್ನು ಪ್ಯಾಂಟಿನ ಎರಡು ಕಾಲಿನಂತೆ ಅರ್ಧದವರೆಗೆ ಸೀಳಿ, ಕಾಲುಗಳನ್ನು ಎದುರುಬದುರಾಗಿ ಎಳೆಯಿರಿ. ಉದ್ದಕ್ಕೂ ಅಡ್ಡಕ್ಕೂ ಮಾಡಿ. ಯಾವ ಕಡೆಗೆ ಸಲೀಸಾಗಿ ಸೀಳುತ್ತದೋ, ಹೊಲದಲ್ಲೂ ಆ ಕಡೆಗೇ ಸೀಳುತ್ತದೆ.

ಬಿಸಿಲು

ಎರಡು ಪಟ್ಟಿ ಬೀರುವಿನಲ್ಲಿಡಿ, ಎರಡನ್ನು ಮಾರ್ಚ್‌ನಿಂದ ಎರಡು ತಿಂಗಳು ತಾರಸಿಯ ಬಿಸಿಲಿಗೆ ಕಟ್ಟಿ. ಆಮೇಲೆ ನಾಲ್ಕನ್ನೂ ಎಳೆಯಿರಿ. ಬಿಸಿಲಿನ ನೇರಳಾತೀತ ಕಿರಣ ಸರಪಳಿಗಳನ್ನು ತುಂಡರಿಸುತ್ತದೆ. ಮೊದಲು ಹೋಗುವುದು ಹಿಗ್ಗುವ ಗುಣ. ಹಿಗ್ಗು ಅರ್ಧಕ್ಕಿಳಿದರೆ ಹಾಳೆಯ ಆಯುಸ್ಸು ಮುಗಿಯಿತು ಅಂತ ಲೆಕ್ಕ ಹಾಕುವುದು ಈ ಕ್ಷೇತ್ರದಲ್ಲಿ ರೂಢಿ. ಕಪ್ಪು ಹಾಳೆಗೆ ಹಾಕುವ ಕಾರ್ಬನ್ ಬ್ಲ್ಯಾಕ್ ಬಣ್ಣಕ್ಕಷ್ಟೇ ಅಲ್ಲ, ಈ ಕಿರಣಗಳನ್ನು ತಡೆಯುವುದಕ್ಕೂ ಹೌದು.

ಕೃಷಿ ಹೊಂಡಕ್ಕೋ ಪಾಲಿಹೌಸಿಗೋ ದೊಡ್ಡ ಮೊತ್ತ ಹಾಕುತ್ತಿದ್ದರೆ ಮನೆಯ ಪರೀಕ್ಷೆ ಸಾಲದು. ಪ್ಲಾಸ್ಟಿಕ್ ಪರೀಕ್ಷೆ ಮಾಡಿಕೊಡುವ ಸಿಪೆಟ್ ಕೇಂದ್ರ ಮೈಸೂರಿನಲ್ಲೇ ಇದೆ.

ಮಲ್ಚಿಂಗ್ ಶೀಟಿಗೆ ತೂತು ಮಾಡುವಾಗ ಚಾಕುವಿನಿಂದ ಕೂಡಿಸುವ ಗುರುತಿನಂತೆ ಕೊಯ್ಯಬೇಡಿ, ನಾಲ್ಕು ಚೂಪು ತುದಿಗಳಾಗುತ್ತವೆ. ಕಬ್ಬಿಣದ ಪೈಪಿನ ತುಂಡನ್ನು ಕಾಯಿಸಿ ಒತ್ತಿ. ತೂತು ದುಂಡಗೆ ಬರುತ್ತದೆ, ಅಂಚು ಕರಗಿ ದಪ್ಪಗಾಗುತ್ತದೆ. ಆಗಲೇ ಸೀಳು ಶುರುವಾಗಿದ್ದರೆ ಅದರ ತುದಿಯಲ್ಲೂ ಕಾಯಿಸಿದ ಮೊಳೆಯಿಂದ ಒಂದು ದುಂಡು ತೂತು ಮಾಡಿ, ಮೇಲೆ ಟೇಪ್ ಹಚ್ಚಿ. ಸೀಳು ಮುಂದಕ್ಕೆ ಓಡುವುದು ಕಷ್ಟ.